ನೀರು ಕಂಡ ಸಾಮಾನಿನ ಸಂತೆ

ಅತ್ತಿಗುಪ್ಪೆಯ ಮನೆಯಲ್ಲಿ ಕುಳಿತು ಸ್ವಂತ ದೋಣಿಯ ಕನಸು ಕಾಣುವವರು ಈಗ ಅಪರೂಪವಲ್ಲ. ಭೀಮೇಶ್ವರಿಯಲ್ಲಿ ಕಾವೇರಿಯ ಮೇಲೆ ಹುಟ್ಟು ಹಾಕಿ ಬಂದವರು, ಹೊನ್ನೆಮರಡುವಿನಲ್ಲಿ ಶರಾವತಿ ಹಿನ್ನೀರಿನ ದ್ವೀಪಗಳ ನಡುವೆ ಕಯಾಕ್ ನಡೆಸಿ ಬಂದವರು ವಿಜಯನಗರ, ಚಂದ್ರಾ ಲೇಔಟ್ ಕಡೆ ಬೇಕಾದಷ್ಟು ಮಂದಿ ಸಿಗುತ್ತಾರೆ. ಆ ರುಚಿ ಹತ್ತಿದ ಮೇಲೆ ಮುಂದಿನ ಪ್ರಶ್ನೆ ಒಂದೇ: ನಮ್ಮದೇ ಒಂದು ಇಟ್ಟುಕೊಂಡರೆ ಎಷ್ಟಾದೀತು? ಹೊಸದರ ಬೆಲೆ ಕೇಳಿದವರು ಸಹಜವಾಗಿ ಹಳೆಯದರ ಕಡೆ ತಿರುಗುತ್ತಾರೆ. ತಿರುಗಬೇಕು ಕೂಡ. ದೋಣಿಗೆ ಬೇಕಾದ ಸಾಮಾನುಗಳಲ್ಲಿ ಅರ್ಧಕ್ಕೂ ಹೆಚ್ಚು ಎರಡನೇ ಕೈಯಲ್ಲೂ ಚೆನ್ನಾಗಿ ದುಡಿಯುತ್ತವೆ ಎಂಬುದು ನನ್ನ ಗಟ್ಟಿ ನಂಬಿಕೆ. ಉಳಿದರ್ಧ ಯಾವುದು ಎಂದು ತಿಳಿದಿರಬೇಕು, ಅಷ್ಟೇ.

ಹಳೆ ಮಾಲು ನೋಡುವ ಕಣ್ಣು ಬೆಳೆಸಿಕೊಳ್ಳಲು ದೂರ ಹೋಗಬೇಕಿಲ್ಲ. ಅತ್ತಿಗುಪ್ಪೆಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಅತ್ತಿಗುಪ್ಪೆಗೆ ಮೆಟ್ರೊ ಬಂದದ್ದು 2015ರ ನವೆಂಬರಿನಲ್ಲಿ, ಚಿಕ್ಕಪೇಟೆಯ ಸುರಂಗ ನಿಲ್ದಾಣ ತೆರೆದದ್ದು 2017ರ ಜೂನಿನಲ್ಲಿ. ಅಂಗಡಿಗಳು ಬಾಗಿಲು ಹಾಕಿರುವ ಭಾನುವಾರ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಸಂಡೇ ಬಜಾರ್ ಹರಡಿಕೊಳ್ಳುತ್ತದೆ. ಮಾಲು ಬಲ್ಲವರು ಮೆಟ್ರೊ ಶುರುವಾಗುವ ಮುಂಚೆಯೇ ಟಾರ್ಚ್ ಹಿಡಿದು ಅಲ್ಲಿರುತ್ತಾರೆ. ಅಲ್ಲಿ ದೋಣಿ ಸಿಗುತ್ತದೆಂದು ಹೋಗಬೇಡಿ. ಸ್ಪ್ಯಾನರು, ಕೊಕ್ಕೆ, ರಾಟೆಯಂಥ ಹತ್ಯಾರುಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಒಂದೊಂದನ್ನೇ ತಿರುವಿ ನೋಡುವುದನ್ನು ಕಲಿಯಲು ಹೋಗಿ. ಹಿತ್ತಾಳೆಗೂ ಹಿತ್ತಾಳೆ ಬಣ್ಣ ಬಳಿದ ಕಬ್ಬಿಣಕ್ಕೂ ತೂಕದಲ್ಲೇ ಇರುವ ವ್ಯತ್ಯಾಸ, ಬೋಣಿಯ ಹೊತ್ತಿನ ಚೌಕಾಸಿ, ಕೊಳ್ಳದೆ ಎದ್ದು ಬರುವ ಧೈರ್ಯ, ಎಲ್ಲಕ್ಕೂ ಅದು ಒಳ್ಳೆಯ ಪಾಠಶಾಲೆ.

ದೋಣಿ ಸಾಮಾನಿನ ನಿಜವಾದ ಸಂತೆ ಇರುವುದು ಕಡಲ ಬಳಿ. ದೇಶದಲ್ಲಿ ಅದರ ದೊಡ್ಡ ರೂಪ ಗುಜರಾತಿನ ಭಾವನಗರ ಜಿಲ್ಲೆಯ ಅಲಂಗ್. 1983ರಲ್ಲಿ ಅಲ್ಲಿ ಹಡಗು ಒಡೆಯುವ ಕೆಲಸ ಶುರುವಾಯಿತು. ಉಬ್ಬರವಿಳಿತ ಬಹಳ ಹೆಚ್ಚಿರುವ ತೀರವಾದ್ದರಿಂದ ಉಬ್ಬರದ ಹೊತ್ತಿಗೆ ಹಡಗನ್ನು ನೇರ ದಡಕ್ಕೆ ನುಗ್ಗಿಸುತ್ತಾರೆ, ನೀರು ಇಳಿದಾಗ ಅದು ಕೆಸರಿನ ಮೇಲೆ ನಿಂತಿರುತ್ತದೆ. ಬಿಚ್ಚಲು ಬರುವುದೆಲ್ಲ ಮೊದಲು ಹೊರಬರುತ್ತದೆ: ಮಂಚ, ಪಿಂಗಾಣಿ ತಟ್ಟೆ, ಅಡುಗೆಮನೆಯ ಒಲೆ, ಜನರೇಟರು, ತೊಡೆಗಾತ್ರದ ಹಗ್ಗ, ದಿಕ್ಸೂಚಿ, ಕಿತ್ತಳೆ ಬಣ್ಣದ ಜೀವರಕ್ಷಕ ದೋಣಿಗಳು. ಅಲಂಗಿಗೆ ಹೋಗುವ ರಸ್ತೆಯ ಎರಡೂ ಬದಿಯ ಅಂಗಡಿಗಳಲ್ಲಿ ಇವು ಮಾರಾಟಕ್ಕೆ ನಿಲ್ಲುತ್ತವೆ. ಆ ಅಗ್ಗದ ಹಿಂದೆ ಕಾರ್ಮಿಕರು ಪ್ರಾಣ ಪಣಕ್ಕಿಟ್ಟು ಮಾಡುವ ಕೆಲಸವಿದೆ ಎಂಬುದನ್ನು ಮರೆಯಬಾರದು. ಹಡಗು ಮರುಬಳಕೆಗೆ ಭಾರತ 2019ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿದ್ದು ಇದೇ ಕಾರಣಕ್ಕೆ.

ನಮಗೆ ಹತ್ತಿರದ್ದು ಮಲ್ಪೆ ಮತ್ತು ಮಂಗಳೂರಿನ ದಕ್ಕೆ. ಅಲ್ಲಿ ಹಳೆಯದು ಎಂದರೆ ಎಸೆಯುವಂಥದ್ದಲ್ಲ. ಟ್ರಾಲ್ ಬೋಟಿನ ಎಂಜಿನ್ ಒಂದು ಒಡಲಿನಿಂದ ಇನ್ನೊಂದಕ್ಕೆ ಹೋಗುತ್ತದೆ. ನಾಡದೋಣಿಯ ಔಟ್‌ಬೋರ್ಡ್ ಎಂಜಿನ್ ಕೈಯಿಂದ ಕೈಗೆ ದಾಟುತ್ತದೆ. ಬಲೆಯ ಕಥೆ ಇನ್ನೂ ಸೊಗಸು. ಮೀನಿಗೆ ಆಗದಷ್ಟು ಹರಿದ ಬಲೆ ಕರಾವಳಿಯ ಗದ್ದೆ ತೋಟಗಳಿಗೆ ಹೋಗಿ ನವಿಲು, ಹಂದಿಗಳಿಂದ ಬೆಳೆ ಕಾಯುತ್ತದೆ, ಹೀರೆ ಹಾಗಲದ ಬಳ್ಳಿಗೆ ಚಪ್ಪರವಾಗುತ್ತದೆ. ಬೆಂಗಳೂರಿನ ತಾರಸಿ ತೋಟದವರಿಗೂ ಇದು ಬೇಕಾದ ವಸ್ತುವೇ.

ಕೊಳ್ಳಲು ಹೋಗುವವರು ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಬೇಕಾದ ಕಾಲವೊಂದಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ, ಕಡಲು ಕೆರಳುವ ಕಾಲ. ಆಗ ಬೋಟುಗಳು ದಡದಲ್ಲಿ ಒಂದಕ್ಕೊಂದು ಆತುಕೊಂಡು ನಿಂತಿರುತ್ತವೆ, ಎಂಜಿನ್ ಬಿಚ್ಚುತ್ತಾರೆ, ಬಲೆ ಹೆಣೆಯುತ್ತಾರೆ, ಬಣ್ಣ ಬಳಿಯುತ್ತಾರೆ. ಯಾವ ಹಗ್ಗ ಉಳಿಸಬೇಕು, ಯಾವುದು ಮಾರಬೇಕು ಎಂದು ಮಾಲೀಕರು ತೀರ್ಮಾನಿಸುವುದು ಆಗಲೇ. ಆಗಸ್ಟಿನಲ್ಲಿ ಹೋದರೆ ಯಾರಿಗೂ ನಿಮ್ಮೊಡನೆ ಮಾತಾಡಲು ಪುರಸೊತ್ತಿರುವುದಿಲ್ಲ.

ಇನ್ನು ಪರೀಕ್ಷೆ. ಹಗ್ಗವನ್ನು ಹೊರಗಿನಿಂದ ನೋಡಿ ಪ್ರಯೋಜನವಿಲ್ಲ. ಹುರಿಯನ್ನು ಎರಡೂ ಕೈಯಲ್ಲಿ ಹಿಮ್ಮುಖ ತಿರುವಿ ಒಳಗಿನ ಎಳೆ ನೋಡಿ. ಅಲ್ಲಿ ಪುಡಿ ಉದುರಿದರೆ ಮರಳು ಹೊಕ್ಕು ಎಳೆ ಸವೆದಿದೆ ಎಂದರ್ಥ. ಬಿಸಿಲು ತಿಂದ ಹಗ್ಗ ಒರಟಾಗಿ ಸೆಟೆದುಕೊಂಡಿರುತ್ತದೆ. ಸರಪಳಿಯಲ್ಲಿ ಕೊಂಡಿಗಳು ಒಂದನ್ನೊಂದು ಮುಟ್ಟುವ ಜಾಗ ತೆಳುವಾಗಿದೆಯೇ ನೋಡಬೇಕು, ಹೊರಮೈ ತುಕ್ಕಿಗೆ ಹೆದರಬೇಕಿಲ್ಲ. ಲಂಗರು ಮಾತ್ರ ಕಣ್ಣು ಮುಚ್ಚಿ ಕೊಳ್ಳಬಹುದಾದ ವಸ್ತು, ಬಾಗಿರದಿದ್ದರೆ ಸಾಕು. ಹಿತ್ತಾಳೆಯ ಬಿಡಿಭಾಗ ಉಪ್ಪುನೀರಿನಲ್ಲಿ ಬಹುಕಾಲ ಕುಳಿತರೆ ಅದರೊಳಗಿನ ಸತು ಕರಗಿ ಹೋಗುತ್ತದೆ. ಕೆರೆದು ನೋಡಿದಾಗ ಹಳದಿಯ ಬದಲು ಗುಲಾಬಿ ಛಾಯೆ ಕಂಡರೆ ಅದು ಒಳಗೊಳಗೇ ಪೊಳ್ಳಾಗಿದೆ, ಒಂದು ಪೆಟ್ಟಿಗೆ ಮುರಿಯುತ್ತದೆ.

ಮರದ ದೋಣಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಬೇಕು. ಕಲ್ಲಂಗಡಿ ಆರಿಸುವವರು ಕಿವಿಗೊಡುವ ಹಾಗೆಯೇ ಇಲ್ಲೂ ಕಿವಿಯೇ ಮುಖ್ಯ. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ಮೊದ್ದಾಗಿ ಉತ್ತರಿಸುತ್ತದೆ. ಫೈಬರ್ ದೋಣಿಯಾದರೆ ನೀರಿನ ಮಟ್ಟಕ್ಕಿಂತ ಕೆಳಗಿನ ಮೈಯಲ್ಲಿ ಗುಳ್ಳೆ ಎದ್ದಿದೆಯೇ ನೋಡಿ, ನೀರು ಪದರಗಳ ನಡುವೆ ಸೇರಿದ ಗುರುತು ಅದು. ಹೊಸ ಬಣ್ಣ ಬಳಿದಿದ್ದರೆ ಸಂಶಯ ಹೆಚ್ಚಬೇಕು.

ಔಟ್‌ಬೋರ್ಡ್ ಎಂಜಿನ್ನಿನ ಗೇರು ಪೆಟ್ಟಿಗೆಯ ಕೆಳಗಿನ ತಿರುಪು ಸಡಿಲಿಸಿ ನಾಲ್ಕು ಹನಿ ಎಣ್ಣೆ ಇಳಿಸಿ. ಎಣ್ಣೆ ಹಾಲು ಬೆರೆತ ಚಹದ ಬಣ್ಣಕ್ಕೆ ಬಂದಿದ್ದರೆ ಸೀಲು ಹೋಗಿದೆ, ನೀರು ಒಳಹೊಕ್ಕಿದೆ. ಎಂಜಿನ್ ಓಡುವಾಗ ಪಕ್ಕದ ಸಣ್ಣ ತೂತಿನಿಂದ ನೀರು ಒಂದೇ ಸಮನೆ ಚಿಮ್ಮಬೇಕು. ಚಿಮ್ಮದಿದ್ದರೆ ತಂಪು ಮಾಡುವ ಪಂಪು ಕೆಟ್ಟಿರಬಹುದು. ಅದರೊಳಗಿನ ರಬ್ಬರ್ ಚಕ್ರ ಮಾತ್ರ ಸವೆದಿದ್ದರೆ ಖರ್ಚು ಸಣ್ಣದು, ಅದನ್ನೇ ತೋರಿಸಿ ಬೆಲೆ ಇಳಿಸಿಕೊಳ್ಳಬಹುದು. ಮಾರುವವರು ಮೊದಲೇ ಎಂಜಿನ್ ಓಡಿಸಿ ಬಿಸಿ ಮಾಡಿಟ್ಟಿದ್ದರೆ ತಣ್ಣಗಾಗುವವರೆಗೆ ಕಾದು ಮತ್ತೆ ಚಾಲೂ ಮಾಡಿಸಿ. ತಣ್ಣಗಿದ್ದಾಗ ಹತ್ತುವ ಎಂಜಿನ್ನೇ ಎಂಜಿನ್ನು.

ಇಷ್ಟೆಲ್ಲ ಖರ್ಚು ಬೇಡ ಎನ್ನುವವರಿಗೆ ಹರಿಗೋಲು ಇದೆ. ಕಾವೇರಿ ತೀರದಲ್ಲಿ ತೆಪ್ಪ ಎಂದೂ ಕರೆಯುತ್ತಾರೆ. ಹಿಂದೆ ಬಿದಿರಿನ ಬುಟ್ಟಿಗೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಚೀಲ ಹೊಲಿದು ಟಾರು ಬಳಿಯುತ್ತಾರೆ. ಫೈಬರಿನವೂ ಬಂದಿವೆ. ಹಳೆಯ ಹರಿಗೋಲಿನಲ್ಲಿ ಹೊದಿಕೆ ಹರಿದಿದ್ದರೆ ಚಿಂತೆಯಿಲ್ಲ. ಬಿದಿರಿನ ಹಂದರಕ್ಕೆ ಹುಳು ಬಿದ್ದಿರಬಾರದು. ಆನೆಗೊಂದಿಯಿಂದ ತಲಕಾಡಿನವರೆಗೆ ನದಿಯ ಜನ ನಂಬಿದ ಈ ದುಂಡು ದೋಣಿಗಿಂತ ಕಡಿಮೆ ಬೆಲೆಯ, ಸುಲಭವಾಗಿ ರಿಪೇರಿಯಾಗುವ ನೀರುವಾಹನ ನಾನು ಕಂಡಿಲ್ಲ.

ಕಾಗದಪತ್ರ ಬೇಸರದ ವಿಷಯ, ಆದರೂ ಬಿಡುವಂತಿಲ್ಲ. ಎಂಜಿನ್ನಿನ ಕ್ರಮಸಂಖ್ಯೆ ಉಜ್ಜಿ ಅಳಿಸಿದ್ದರೆ ಎಷ್ಟು ಅಗ್ಗವಾದರೂ ಎದ್ದು ಬನ್ನಿ. ಕದ್ದದ್ದೆಂದು ಗೊತ್ತಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ದೋಣಿ ಇಳಿಸುವ ಜಾಗವನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಅತ್ತಿಗುಪ್ಪೆಗೆ ಹತ್ತಿರದ ಹರಿವು ವೃಷಭಾವತಿ, ಅದನ್ನು ನಾವು ಕೊಳಚೆ ಮಾಡಿ ಕಳೆದುಕೊಂಡಿದ್ದೇವೆ. ಮಾಗಡಿ ರಸ್ತೆಯಲ್ಲಿ ಹೋದರೆ ಸಿಗುವ ತಿಪ್ಪಗೊಂಡನಹಳ್ಳಿ ಕಟ್ಟಿದ್ದು ನಗರದ ಕುಡಿಯುವ ನೀರಿಗಾಗಿ. ಯಾವ ಕೆರೆಗೂ ಜಲಾಶಯಕ್ಕೂ ಅನುಮತಿ ಇಲ್ಲದೆ ದೋಣಿ ಇಳಿಸುವಂತಿಲ್ಲ.

ಹಳೆಯದನ್ನು ಕೊಳ್ಳಲೇಬಾರದ ಸಾಮಾನು ಎರಡಿವೆ. ಒಂದು, ಅಪಾಯದಲ್ಲಿ ಹೊತ್ತಿಸುವ ಬೆಳಕಿನ ಬಾಣ. ಅದರ ಆಯುಸ್ಸು ಸಾಮಾನ್ಯವಾಗಿ 3 ವರ್ಷ, ತಾರೀಕು ಮೀರಿದ್ದು ಕೈಯಲ್ಲೇ ಸಿಡಿಯಬಹುದು. ಇನ್ನೊಂದು, ಲೈಫ್ ಜಾಕೆಟ್. ಬಿಸಿಲು, ಉಪ್ಪು, ಮೇಲೆ ಕುಳಿತವರ ಭಾರ ಇವೆಲ್ಲ ಅದರೊಳಗಿನ ಫೋಮನ್ನು ಕೊಲ್ಲುತ್ತವೆ. ಹೊರಗಿನ ಬಟ್ಟೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ನಿಮ್ಮಲ್ಲಿ ಈಗಾಗಲೇ ಇದ್ದರೆ ವರ್ಷಕ್ಕೊಮ್ಮೆ ಪರೀಕ್ಷಿಸಿ: 50 ನ್ಯೂಟನ್ ಎಂದು ಬರೆದ ಜಾಕೆಟ್ ನೀರಿನ ತೊಟ್ಟಿಯಲ್ಲಿ ಸುಮಾರು 5 ಕಿಲೋ ಕಬ್ಬಿಣವನ್ನು ಮುಳುಗಲು ಬಿಡಬಾರದು. ಲಂಗರು, ಹಗ್ಗ, ರಾಟೆ, ಹುಟ್ಟು ಎಲ್ಲವನ್ನೂ ಹಳೆಯದೇ ಹುಡುಕಿ ತನ್ನಿ, ಹಣ ಉಳಿಸಿ. ಉಳಿದ ಆ ಹಣದಲ್ಲಿ ದೋಣಿ ಹತ್ತುವ ಪ್ರತಿಯೊಬ್ಬರಿಗೂ, ಮಗುವಿಗೆ ಮಗುವಿನ ಅಳತೆಯದ್ದೇ, ಹೊಸ ಜಾಕೆಟ್ ಕೊಳ್ಳಿ.