ಗೋಡೆಯೇ ಜೊತೆಗಾರ

ಮಧ್ಯಾಹ್ನದ ಬಿಡುವಿನ ಗಂಟೆ ಬಾರಿಸಿತೆಂದರೆ ಶಾಲೆಯ ಹಿಂಭಾಗದಿಂದ ‘ಟಪ್, ಟಪ್’ ಸದ್ದು ಶುರು. ಹುಡುಗನೊಬ್ಬ ಚೆಂಡನ್ನು ಗೋಡೆಗೆ ಎಸೆಯುತ್ತಾನೆ. ಅದು ಹಿಂದಿರುಗಿ ನೆಲದಲ್ಲಿ ಒಮ್ಮೆ ಪುಟಿದಾಗ ಇನ್ನೊಬ್ಬ ಹಿಡಿದು ಮತ್ತೆ ಎಸೆಯಬೇಕು. ತಪ್ಪಿದವನು ಔಟ್. ಮೈದಾನ ಬೇಡ, ಬಲೆ ಬೇಡ. ಗೆಳೆಯರಿಲ್ಲದಿದ್ದರೆ ಒಬ್ಬನೇ ಆದರೂ ಆಡಬಹುದು. ಅಷ್ಟರಲ್ಲಿ ಒಳಗಿನಿಂದ ಗದರಿಕೆ: ‘ಯಾರೋ ಅದು? ಸುಣ್ಣ ಬಳಿದ ಗೋಡೆಯೆಲ್ಲ ಹಾಳಾಯಿತು!’

ಗದರುವ ಮುನ್ನ ಈ ಆಟದ ಚರಿತ್ರೆಯನ್ನೊಮ್ಮೆ ನೋಡುವುದು ಒಳ್ಳೆಯದು.

ಇಂಗ್ಲೆಂಡಿನ ಈಟನ್ ಶಾಲೆಯ ಹುಡುಗರು ಪ್ರಾರ್ಥನಾ ಮಂದಿರದ ಹೊರಗೋಡೆಗೆ ಕೈಯಿಂದ ಚೆಂಡು ಬಡಿದು ಆಡುತ್ತಿದ್ದರು. ಗೋಡೆಗೆ ಆಸರೆಯಾಗಿ ಮುಂದಕ್ಕೆ ಚಾಚಿದ ಕಟ್ಟಡದ ಮೂಲೆಯೇ ಅವರ ಅಂಗಳ. ಆಟದ ಹೆಸರು ‘ಫೈವ್ಸ್’. 1840ರಲ್ಲಿ ಶಾಲೆಯವರು ಇದಕ್ಕೆಂದೇ ಅಂಕಣ ಕಟ್ಟಿಸಿದಾಗ ಆ ಮೂಲೆಯ ಮೆಟ್ಟಿಲು, ಉಬ್ಬು, ಅಂಚುಗಳನ್ನೂ ಅನುಕರಿಸಲಾಯಿತು!

ಮುಂದೆ ಜವಾಹರಲಾಲ್ ನೆಹರೂ ಓದಿದ ಹ್ಯಾರೋ ಶಾಲೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ‘ರಾಕೆಟ್ಸ್’ ಎಂಬ ಗಟ್ಟಿ ಚೆಂಡಿನ ಗೋಡೆಯಾಟವಿತ್ತು. ತಮ್ಮ ಸರದಿಗಾಗಿ ಕಾಯುತ್ತಿದ್ದ ಹುಡುಗರು ಇಕ್ಕಟ್ಟಾದ ಜಾಗದಲ್ಲೇ ಮೆತ್ತನೆಯ ರಬ್ಬರ್ ಚೆಂಡಿನಿಂದ ಅಭ್ಯಾಸ ಮಾಡತೊಡಗಿದರು. ಗೋಡೆಗೆ ಬಡಿದು ಅಪ್ಪಚ್ಚಿಯಾಗುವ ಚೆಂಡಿನಿಂದ ‘ಸ್ಕ್ವಾಷ್’ ಹುಟ್ಟಿತು. ಇದೇ ಆಟದಲ್ಲಿ ಕೊಡಗು ಮೂಲದ ಜೋಷ್ನಾ ಚಿನ್ನಪ್ಪ, ದೀಪಿಕಾ ಪಳ್ಳಿಕಲ್ ಜೊತೆಗೂಡಿ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಸ್ಕ್ವಾಷ್ ಸೇರ್ಪಡೆಯಾಗಿದೆ.

ಒಬ್ಬನೇ ಆಡುವ ಹುಡುಗನಿಗೂ ಗೋಡೆ ಗುರುವಾಗಬಲ್ಲದು. ಆಸ್ಟ್ರೇಲಿಯದ ಬೌರಲ್ ಊರಿನಲ್ಲಿ ಬಾಲಕ ಡಾನ್ ಬ್ರಾಡ್ಮನ್ ನೀರಿನ ತೊಟ್ಟಿಯ ದುಂಡನೆಯ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ಅಡ್ಡಾದಿಡ್ಡಿ ಹಿಂದಿರುಗುವ ಅದನ್ನು ಸ್ಟಂಪಿನಿಂದ ಹೊಡೆಯುತ್ತಿದ್ದ. ಟೆಸ್ಟ್‌ನಲ್ಲಿ ಅವರ ಸರಾಸರಿ 99.94!

ಇನ್ನು ವಿಜ್ಞಾನ. ಓರೆಯಾಗಿ ಎಸೆದ ಚೆಂಡು ಕನ್ನಡಿಗೆ ಬಿದ್ದ ಬೆಳಕಿನಂತೆ ಹೆಚ್ಚುಕಡಿಮೆ ಅದೇ ಕೋನದಲ್ಲಿ ಮರಳುತ್ತದೆ. ಆದರೆ ಪೂರ್ತಿ ಹಾಗಲ್ಲ. ಗೋಡೆಯ ಘರ್ಷಣೆ ಚೆಂಡನ್ನು ತಿರುಗಿಸಿ ದಾರಿ ಬದಲಿಸುತ್ತದೆ, ವೇಗವೂ ತಗ್ಗುತ್ತದೆ. 254 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟ ಟೆನಿಸ್ ಚೆಂಡು 135ರಿಂದ 147 ಸೆಂ.ಮೀ. ಪುಟಿಯಬೇಕೆಂದು ನಿಯಮವಿದೆ. ಎಂದರೆ ಚಲನಶಕ್ತಿಯ ಅರ್ಧದಷ್ಟು ಮಾತ್ರ ಮರಳಿತು. ಉಳಿದದ್ದರಲ್ಲಿ ಬಹುಪಾಲು ಶಾಖವಾಯಿತು. ಆಟಕ್ಕೆ ಮುನ್ನ ಸ್ಕ್ವಾಷ್ ಆಟಗಾರರು ಚೆಂಡನ್ನು ಹಲವು ಬಾರಿ ಗೋಡೆಗೆ ಹೊಡೆದು ಬಿಸಿ ಮಾಡುವುದೂ ಇದಕ್ಕೇ. ಬೆಚ್ಚಗಾದ ಚೆಂಡು ಹೆಚ್ಚು ಪುಟಿಯುತ್ತದೆ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಗೋಡೆಯ ಮೇಲೆ ಸೀಮೆಸುಣ್ಣದಿಂದ ಸೆಂಟಿಮೀಟರ್ ಗುರುತು ಹಾಕಿ. ಒಂದೇ ರಬ್ಬರ್ ಚೆಂಡನ್ನು ಮೊದಲು ತಣ್ಣೀರಿನಲ್ಲಿಟ್ಟು ಒರೆಸಿ, ಆಮೇಲೆ ಬಿಸಿಲಿನಲ್ಲಿಟ್ಟು, ಒಂದೇ ಎತ್ತರದಿಂದ ಬಿಡಿ. ಎಷ್ಟು ಪುಟಿಯಿತೆಂದು ಬರೆದಿಡಿ.

ಹಲವು ಶಾಲೆಗಳಿಗೆ ಆಟದ ಮೈದಾನವಿಲ್ಲ. ಆದರೆ ಗೋಡೆಯಿಲ್ಲದ ಶಾಲೆಯುಂಟೇ? ಕಿಟಕಿ, ಗಾಜು ಇಲ್ಲದ ಒಂದು ಗೋಡೆಯನ್ನು ಮಕ್ಕಳಿಗೆ ಬಿಟ್ಟುಕೊಡಲು ಪಾಲಕರು, ಶಿಕ್ಷಕರು ಮನಸ್ಸು ಮಾಡಬೇಕು. ಕೊಳೆಯಾದ ಗೋಡೆಗೆ ಮತ್ತೆ ಸುಣ್ಣ ಬಳಿಯಬಹುದು. ಆಡದೆ ಕಳೆದ ಬಾಲ್ಯ ಮಾತ್ರ ಮತ್ತೆ ಬಾರದು.