ವರದಿ ಬಂತು, ಲಗ್ನ ನಿಂತಿತೇ?

ಕಾನೂನು ತಿದ್ದುವ ಸಂಸ್ಥೆ ಏನು ಮಾಡಿದೆ ಎಂದು ಕೇಳಿದರೆ ಮೊದಲು ಸಿಗುವುದು ವರದಿಗಳ ಲೆಕ್ಕ. ಸ್ವಾತಂತ್ರ್ಯದ ನಂತರ, 1955ರಲ್ಲಿ ಎಂ.ಸಿ. ಸೆಟಲ್ವಾಡ್ ಅಧ್ಯಕ್ಷತೆಯಲ್ಲಿ ಶುರುವಾದ ಭಾರತದ ಕಾನೂನು ಆಯೋಗ 280ಕ್ಕೂ ಹೆಚ್ಚು ವರದಿ ಕೊಟ್ಟಿದೆ. ಅವನ್ನು ಒಪ್ಪಲೇಬೇಕೆಂಬ ಕಟ್ಟುಪಾಡು ಸರ್ಕಾರಕ್ಕಿಲ್ಲ. ಹಾಗಾಗಿ ಎಷ್ಟು ಶಿಫಾರಸು ಜಾರಿಯಾಯಿತು ಎಂಬ ಲೆಕ್ಕವೂ ಆಯೋಗದ ಬುದ್ಧಿಗಿಂತ ಸರ್ಕಾರದ ಮನಸ್ಸನ್ನೇ ಹೆಚ್ಚು ತೋರಿಸುತ್ತದೆ.

ಬಾಲ್ಯವಿವಾಹದ ಕಾನೂನನ್ನೇ ನೋಡಿ. ಯಾದಗಿರಿ, ಶಹಾಪುರ, ಸುರಪುರದ ಕಡೆ ಬೆಂಗಳೂರಿಗೋ ಪುಣೆಗೋ ಗುಳೆ ಹೊರಟ ಮನೆಯವರಿಗೆ, ದೊಡ್ಡಾಕಿಯಾದ ಮಗಳನ್ನು ಊರಲ್ಲಿ ಯಾರ ಹತ್ತಿರ ಬಿಡುವುದೆಂಬ ಚಿಂತೆ. ಅಕ್ಕನ ಹಂದರದಲ್ಲೇ ತಂಗಿಯ ಲಗ್ನವೂ ಆದರೆ ಖರ್ಚು ಉಳಿಯುತ್ತದೆ. 2006ರ ಕಾಯ್ದೆ ಇಂಥ ಬಾಲ್ಯವಿವಾಹವನ್ನು ಅಪರಾಧ ಎಂದಿತು. ಆದರೆ ಆಗಿಹೋದ ಮದುವೆ ಊರ್ಜಿತವಾಗಿಯೇ ಉಳಿಯುತ್ತಿತ್ತು. ರದ್ದಾಗಬೇಕಾದರೆ ಹುಡುಗಿ 18 ತುಂಬಿದ ಎರಡು ವರ್ಷದೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಿತ್ತು. ಅದಕ್ಕೂ ಮೊದಲೇ ಪೋಷಕರು ಅವಳ ಪರವಾಗಿ ಹಾಕಬಹುದಿತ್ತಂತೆ. ಲಗ್ನ ಮಾಡಿದವರೇ ಅವರಲ್ಲವೇ!

ಆಯೋಗದ 205ನೇ ವರದಿ ಬಂದದ್ದು 2008ರಲ್ಲಿ. 16ರೊಳಗಿನ ಮದುವೆ ಅಸಿಂಧುವಾಗಲಿ, 16ರಿಂದ 18ರ ನಡುವಿನದನ್ನು ರದ್ದು ಮಾಡಿಸಿಕೊಳ್ಳುವ ಅವಕಾಶವಿರಲಿ ಎಂದಿತು. ಜೀವನಾಂಶ ಮತ್ತು ಮಕ್ಕಳ ರಕ್ಷಣೆಯ ನಿಯಮ ಎರಡು ಬಗೆಯ ಮದುವೆಗೂ ಅನ್ವಯಿಸಲಿ ಎಂದೂ ಸೇರಿಸಿತು. ನಾನಾದರೆ ಈ ಸೇರ್ಪಡೆಗೇ ಹೆಚ್ಚು ಅಂಕ ಕೊಡುತ್ತೇನೆ. ಮದುವೆ ಅಸಿಂಧು ಎಂದಷ್ಟೇ ಬರೆದು ಕೈತೊಳೆದುಕೊಂಡರೆ ಬೀದಿಗೆ ಬೀಳುವವಳು ಹುಡುಗಿಯೇ. ಕೇಂದ್ರ ಮಾತ್ರ ಈ ಸಲಹೆಯನ್ನು ಕಾಯ್ದೆಗೆ ತರಲಿಲ್ಲ.

ಕರ್ನಾಟಕದಲ್ಲಿ ಕೆಲಸ ಬೇರೆ ದಾರಿಯಲ್ಲಿ ಆಯಿತು. ಹೈಕೋರ್ಟಿನ ಸೂಚನೆಯಂತೆ ರಚನೆಯಾದ, ರಾಯಚೂರು ಸೀಮೆಯವರೇ ಆದ ನಿವೃತ್ತ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಮುಂದೆ ನಡೆಯುವ ಪ್ರತಿಯೊಂದು ಬಾಲ್ಯವಿವಾಹವೂ ಮೊದಲಿನಿಂದಲೇ ಅಸಿಂಧು ಎಂಬ ರಾಜ್ಯದ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2017ರ ಏಪ್ರಿಲ್‌ನಲ್ಲಿ. ಬೇರೆ ರಾಜ್ಯಗಳೂ ಇದೇ ಹಾದಿ ಹಿಡಿಯುವುದು ಒಳ್ಳೆಯದು ಎಂದು ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಶ್ಲಾಘನೆ ಸರಿ. ಆದರೆ ವರದಿ ಬಂದಾಗ ಹನ್ನೆರಡರಲ್ಲಿದ್ದ ಹುಡುಗಿಗೆ ಕಾಯ್ದೆ ಬರುವ ಹೊತ್ತಿಗೆ ಹದಿನೆಂಟಾಗಿತ್ತು.

ಇನ್ನು ತಾಲ್ಲೂಕಿನ ಮಟ್ಟದಲ್ಲಿ ನಡೆಯುವುದೇನು? ಮಕ್ಕಳ ಸಹಾಯವಾಣಿ 1098ಕ್ಕೆ ಯಾರೋ ಫೋನ್ ಮಾಡುತ್ತಾರೆ. ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ), ಪಿಎಸ್‌ಐ ಜೀಪಿನಲ್ಲಿ ಬಂದು ಶಾಲೆಯ ದಾಖಲೆಯಲ್ಲಿ ವಯಸ್ಸು ನೋಡುತ್ತಾರೆ, ತಂದೆತಾಯಿಯಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ‘ತಡೆದ ಮದುವೆ’ಗಳ ಪಟ್ಟಿಗೆ ಒಂದು ಸೇರುತ್ತದೆ. ಹಂದರ ಬಿಚ್ಚುತ್ತಾರೆ, ತಿಂಗಳಾದ ಮೇಲೆ ಬೀಗರ ಊರಿನ ಗುಡಿಯಲ್ಲಿ ಅಕ್ಕಿಕಾಳು ಬಿದ್ದರೆ ಆ ಪಟ್ಟಿಗೆ ಅದು ತಿಳಿಯುವುದಿಲ್ಲ.

ಆದ್ದರಿಂದ ಸುಧಾರಣೆಯನ್ನು ಅಳೆಯಲು ಹೊರಟವರು ಸುರಪುರದಂಥ ಊರಿನಲ್ಲಿ ಒಂದು ವರ್ಷ ಹಿಂದಿನ ಮುಚ್ಚಳಿಕೆಗಳ ಫೈಲು ತೆಗೆಸಿ, ಅಲ್ಲಿನ ಹೆಸರುಗಳನ್ನು ಹೈಸ್ಕೂಲಿನ ಹಾಜರಿ ಪುಸ್ತಕದೊಡನೆ ತಾಳೆ ನೋಡಬೇಕು. ಇಲ್ಲದ ಹೆಸರಿನ ಹಿಂದೆ ಕಾಯ್ದೆಯ ಬರವಣಿಗೆಯ ತಪ್ಪಿದೆಯೋ, ಹಾಸ್ಟೆಲ್ ಸೀಟಿನ ಕೊರತೆಯೋ, ಗುಳೆಯೋ ಎಂದು ಬೇರ್ಪಡಿಸಬೇಕು. ಮೊದಲನೆಯದಕ್ಕೆ ಮಾತ್ರ ವರದಿ ಬರೆದವರು ಹೊಣೆ.