ತಂತಿ ಅಳಿಸಬಹುದು, ಭಾರ ಅಳಿಸಲಾಗದು

ಜಾಕಿ ಚಾನ್ ನಟಿಸಿದ ‘ದಿ ಮಿಥ್’ ತೆರೆಕಂಡಿದ್ದು 2005ರಲ್ಲಿ. ನಿರ್ದೇಶಕ ಸ್ಟ್ಯಾನ್ಲಿ ಟಾಂಗ್. ಅದರ ಭಾರತದ ದೃಶ್ಯಗಳಲ್ಲಿ ಕೆಲವನ್ನು ಚಿತ್ರೀಕರಿಸಿದ್ದು ಹಂಪಿಯಲ್ಲಿ. ಗುರುತ್ವಕ್ಕೆ ಸೊಪ್ಪು ಹಾಕದ ಕಲ್ಲೊಂದರ ಸುತ್ತ ಕಥೆ ಸುತ್ತುತ್ತದೆ. ಅದರ ಬಲದಿಂದ ಶವಪೆಟ್ಟಿಗೆ ಗಾಳಿಯಲ್ಲಿ ತೇಲುತ್ತದೆ. ಕೊನೆಗೆ ಚೀನಾದ ಚಕ್ರವರ್ತಿಯ ಸಮಾಧಿಯೊಳಗೆ ಮನುಷ್ಯರೇ ತೇಲುತ್ತ ಕಾದಾಡುತ್ತಾರೆ.

ನಿಜದಲ್ಲಿ ಒಂದು ಮೀಟರ್ ಮೇಲಕ್ಕೆ ಜಿಗಿದರೆ ಏರಲು ಸುಮಾರು 0.45 ಸೆಕೆಂಡು, ಇಳಿಯಲು ಅಷ್ಟೇ. ಪೈಲ್ವಾನನಾದರೂ ಮಗುವಾದರೂ ಲೆಕ್ಕ ಇದೇ. ಹುಟ್ಟಿದಂದಿನಿಂದ ಬೀಳುವ ವಸ್ತುಗಳನ್ನು ನೋಡುತ್ತಲೇ ಬಂದ ನಮ್ಮ ಕಣ್ಣಿಗೆ ಈ ಲೆಕ್ಕ ಬಾಯಿಪಾಠ. ಹಾರಾಟದ ದೃಶ್ಯ ಗೆಲ್ಲಬೇಕಾದದ್ದು ಈ ಕಣ್ಣನ್ನು.

ಒಂದು ಉಪಾಯ ಕ್ಯಾಮೆರಾದ್ದು. ತೆರೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. 48 ತೆಗೆದು 24ರ ವೇಗದಲ್ಲಿ ತೋರಿಸಿದರೆ ಕಾಲ ಇಮ್ಮಡಿ ಹಿಗ್ಗುತ್ತದೆ. ಗುರುತ್ವ ಮಾತ್ರ ಅರ್ಧಕ್ಕಲ್ಲ, ಕಾಲುಭಾಗಕ್ಕೆ ಇಳಿದಂತೆ ಕಾಣುತ್ತದೆ. ಬೀಳುವ ದೂರ ಕಾಲದ ವರ್ಗಕ್ಕೆ ತಕ್ಕಂತೆ ಹೆಚ್ಚುವುದೇ ಇದಕ್ಕೆ ಕಾರಣ. ಚಂದ್ರನ ಗುರುತ್ವ ಭೂಮಿಯದರ ಆರನೇ ಒಂದು ಪಾಲು. 59 ಚೌಕಟ್ಟು ತೆಗೆದರೆ ನಟ ಚಂದ್ರನ ಮೇಲೆ ಜಿಗಿದಂತೆಯೇ.

ಇನ್ನೊಂದು ಉಪಾಯ ತಂತಿ. ವೇಷದೊಳಗೆ ಸೊಂಟಕ್ಕೆ ಬಿಗಿದ ಪಟ್ಟಿ, ಅದಕ್ಕೆ ತೆಳು ಉಕ್ಕಿನ ತಂತಿ, ಮೇಲೆ ರಾಟೆ. ಹಾಂಗ್‌ಕಾಂಗ್ ಪದ್ಧತಿಯಲ್ಲಿ ಇನ್ನೊಂದು ತುದಿಯನ್ನು ಎಳೆಯುವವರು ಮನುಷ್ಯರು. ದೇಹದ ಗುರುತ್ವ ಕೇಂದ್ರ ಹೊಕ್ಕುಳಿನ ಆಸುಪಾಸಿನಲ್ಲಿರುವುದರಿಂದ ಸೊಂಟದ ಎರಡೂ ಪಕ್ಕ ಕಟ್ಟಿದರೆ ಲಾಗ ಸಲೀಸು. ಭುಜಕ್ಕೆ ಕಟ್ಟಿದರೆ ನಟ ಒಣಹಾಕಿದ ಅಂಗಿಯಂತೆ ಜೋತುಬೀಳುತ್ತಾನೆ.

ಈಗ ತಂತಿಯನ್ನು ಕಂಪ್ಯೂಟರಿನಲ್ಲಿ ಅಳಿಸುತ್ತಾರೆ. ಅದು ಕೊಟ್ಟ ಚಲನೆ ಹಾಗೇ ಉಳಿಯುತ್ತದೆ. ನೇತಾಡುವ ನಟ ಒಂದು ಲೋಲಕ: ತಂತಿ 10 ಮೀಟರ್ ಇದ್ದರೆ ಹೋಗಿಬರುವ ಒಂದು ತೂಗಾಟಕ್ಕೆ ಸುಮಾರು 6.3 ಸೆಕೆಂಡು. ಜಿಗಿದವನ ದಾರಿ ಬೇರೆಯೇ. ಅವನು ಏರುತ್ತ ನಿಧಾನವಾಗುತ್ತಾನೆ, ಇಳಿಯುತ್ತ ರಭಸವಾಗುತ್ತಾನೆ. ಉದ್ದಕ್ಕೂ ಒಂದೇ ವೇಗದಲ್ಲಿ ಎಳೆದರೆ ತಂತಿ ಕಾಣದಿದ್ದರೂ ಎಳೆತ ಕಾಣುತ್ತದೆ. ಪಳಗಿದ ಕೈಗಳು ಮೊದಲು ಜೋರಾಗಿ ಎಳೆದು, ತುದಿಯಲ್ಲಿ ಸಡಿಲಿಸಿ, ನೆಲ ಹತ್ತಿರವಾದಾಗ ಸ್ವಲ್ಪ ಭಾರವನ್ನು ನಟನ ಮೊಣಕಾಲಿಗೆ ಬಿಟ್ಟುಕೊಡುತ್ತವೆ. ಆ ಮೊಣಕಾಲು ಮಡಿಚುವುದು, ಪಾದದಡಿ ದೂಳು ಏಳುವುದು ನನಗೆ ಇಡೀ ಹಾರಾಟಕ್ಕಿಂತ ದೊಡ್ಡ ಕಸುಬಾಗಿ ಕಾಣುತ್ತದೆ.

ಹಿನ್ನೆಲೆಯೂ ಮುಖ್ಯ. ಬರೀ ಆಕಾಶದ ಮುಂದೆ ಹಾರಿದರೆ ವೇಗವೂ ಎತ್ತರವೂ ತಿಳಿಯವು. ಹಂಪಿಯಲ್ಲಿ, ಅದೇ ಜಿಲ್ಲೆಯ ಕೂಡ್ಲಿಗಿಯ ಗುಡೇಕೋಟೆಯಲ್ಲಿ ಕಾಣುವಂಥ ಗ್ರಾನೈಟ್ ಬಂಡೆಗಳಿದ್ದರೆ, ಹತ್ತಿರದವು ಬೇಗ, ದೂರದವು ನಿಧಾನವಾಗಿ ಸರಿದು ಕಣ್ಣಿಗೆ ಆಳ ಸಿಗುತ್ತದೆ.

ಭಾರ ತೋರಿಸುವ ವಿದ್ಯೆ ಹಂಪಿ ಸೀಮೆಯ ಬಯಲಾಟದವರಿಗೂ ಗೊತ್ತು. ದೊಡ್ಡಾಟದ ವೀರ ಪಾತ್ರಧಾರಿಗೆ ತಂತಿಯ ನೆರವಿಲ್ಲ. ಕಿರೀಟ, ಭುಜಕೀರ್ತಿ ಹೊತ್ತ ಮೈ, ಚಿಕ್ಕ ಜಿಗಿತ. ಹಲಗೆಯ ಅಟ್ಟದ ಮೇಲೆ ಕಾಲು ಧಡ್ಡೆಂದು ಬೀಳುತ್ತದೆ, ಅದೇ ಗಳಿಗೆಗೆ ಮದ್ದಲೆಗೆ ಪೆಟ್ಟು. ಕಣ್ಣಿಗೂ ಕಿವಿಗೂ ಒಟ್ಟಿಗೆ ಬಂದದ್ದನ್ನು ಮಿದುಳು ಒಂದೇ ಘಟನೆಯಾಗಿ ಬೆಸೆಯುತ್ತದೆ, ಜಿಗಿತಕ್ಕೆ ತೂಕ ಬರುತ್ತದೆ. ಕುಂಗ್‌ಫು ಚಿತ್ರಗಳಲ್ಲಿ ಗಾಳಿಗೆ ಬೀಸಿದ ಪ್ರತಿ ಏಟಿಗೂ ಆಮೇಲೆ ಸ್ಟುಡಿಯೋದಲ್ಲಿ ಸದ್ದು ಕೂಡಿಸುವುದು ಇದೇ ಕಾರಣಕ್ಕೆ.